ಎಂಆರ್‌ಐನಲ್ಲಿ ಡಿಸ್ಕ್ ಬಲ್ಜ್ ಬಂದರೆ ನೋವಿಗೆ ಅದೇ ಕಾರಣನಾ?

ಪ್ರಶ್ನೆ: ಸೊಂಟನೋವಿಗೆ ಎಂಆರ್‌ಐ ಮಾಡಿಸಿದೆ. ‘ಎಲ್4-ಎಲ್5 ಡಿಸ್ಕ್ ಬಲ್ಜ್, ಡೀಜನರೇಟಿವ್ ಚೇಂಜಸ್’ ಅಂತ ಬಂದಿದೆ. ನನ್ನ ನೋವಿಗೆ ಇದೇ ಕಾರಣ ಅಲ್ವಾ?

ಉತ್ತರ: ಇರಬಹುದು, ಇಲ್ಲದೆಯೂ ಇರಬಹುದು. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತಲೇ ಇದೆ. ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ಡಿಸ್ಕ್ ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಬಲ್ಜ್ ಅಂದರೆ ಅದು ಹೊರಗೆ ಉಬ್ಬಿರುವುದು. ಎಲ್4-ಎಲ್5 ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಜಾಗ. ಡೀಜನರೇಟಿವ್ ಚೇಂಜಸ್ ಅಂದರೆ ಸವೆತದ ಬದಲಾವಣೆಗಳು.

ರಿಪೋರ್ಟಿನಲ್ಲಿ ಇದ್ದದ್ದೆಲ್ಲ ಕಾಯಿಲೆ ಅನ್ನುವ ನಂಬಿಕೆ ಬಿಡಿ. ಎಂಆರ್‌ಐ ಡಿಸ್ಕಿನ ಆಕಾರ ತೋರಿಸುತ್ತದೆ, ಅದರಲ್ಲಿ ನೀರು ಎಷ್ಟಿದೆ ಅಂತ ಹೇಳುತ್ತದೆ. ನೀರು ತುಂಬಿದ ಡಿಸ್ಕ್ ಎಂಆರ್‌ಐನ ಟಿ2 ಅನ್ನುವ ಬಗೆಯ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಒಣಗಿದ್ದು ಕಪ್ಪಗೆ. ನೋವು ಮಾತ್ರ ಯಾವ ಚಿತ್ರದಲ್ಲೂ ಕಾಣುವುದಿಲ್ಲ.

1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೊಂಟನೋವೇ ಇಲ್ಲದ 98 ಜನರನ್ನು ಸ್ಕ್ಯಾನ್ ಮಾಡಿದ್ದರು. ನೋವಿದ್ದ 27 ಮಂದಿಯ ಸ್ಕ್ಯಾನನ್ನೂ ಜೊತೆಗೆ ಬೆರೆಸಿ, ಯಾವುದು ಯಾರದ್ದೆಂದು ಹೇಳದೆ ಡಾಕ್ಟರುಗಳ ಕೈಗೆ ಕೊಟ್ಟರು. ನೋವಿಲ್ಲದವರಲ್ಲೇ ಶೇ. 52 ಜನರಿಗೆ ಬಲ್ಜ್ ಇತ್ತು! ಎಲ್ಲ ಡಿಸ್ಕೂ ಸರಿಯಾಗಿದ್ದವರು ಶೇ. 36 ಮಾತ್ರ. ಇಂಥ ಹಲವು ಅಧ್ಯಯನಗಳನ್ನು 2015ರಲ್ಲಿ ಒಟ್ಟು ಮಾಡಿ ನೋಡಿದಾಗ, ನೋವಿಲ್ಲದ 20ರ ಪ್ರಾಯದವರಲ್ಲೂ ಸುಮಾರು ಶೇ. 30 ಮಂದಿಗೆ ಬಲ್ಜ್ ಕಂಡಿತು, 80ರವರಲ್ಲಿ ಶೇ. 84. ‘ಡೀಜನರೇಟಿವ್’ ಅನ್ನುವ ಪದ ನೋಡಿ ಬೆನ್ನೇ ಮುರಿದುಹೋಯಿತು ಅಂತ ಭಾರ ಎತ್ತುವುದು, ನಡೆಯುವುದು ಎಲ್ಲ ಬಿಟ್ಟು ಕೂರುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಎಂಆರ್‌ಐ ಸುಮ್ನೆನಾ? ಅಲ್ಲ. ಚಿತ್ರವೂ ಲಕ್ಷಣವೂ ತಾಳೆಯಾಗಬೇಕು, ಅಷ್ಟೇ. ಎಲ್4-ಎಲ್5 ಡಿಸ್ಕ್ ಸಾಮಾನ್ಯವಾಗಿ ಒತ್ತುವುದು ಎಲ್5 ನರವನ್ನು. ಆ ನರದ ನೋವು ಮೊಣಕಾಲಿನ ಕೆಳಗಿಳಿದು ಪಾದದ ಮೇಲ್ಭಾಗ, ಹೆಬ್ಬೆರಳಿನ ತನಕ ಹೋಗುತ್ತದೆ. ಡಿಸ್ಕ್ ಎಡಗಡೆ ಉಬ್ಬಿದೆ, ನೋವು ಬಲಗಾಲಲ್ಲಿದೆ ಅಂದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಅದಕ್ಕೇ ಡಾಕ್ಟರು ಕಾಲೆತ್ತಿಸಿ, ಹೆಬ್ಬೆರಳು ಮೇಲಕ್ಕೆ ಮಡಚಿಸಿ ನೋಡುವುದು. ಬರೀ ಸೊಂಟನೋವಾದರೆ ಮೊದಲ ಆರು ವಾರ ಸ್ಕ್ಯಾನ್ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ ಅವತ್ತೇ ಆಸ್ಪತ್ರೆಗೆ ಓಡಿ. ಪಾದ ಎತ್ತಲು ಆಗದಿದ್ದರೆ, ಜೊತೆಗೆ ಜ್ವರವಿದ್ದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ ಕೂಡ ತಡಮಾಡಬೇಡಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ನೋವು ಕಡಿಮೆಯಾದ ಮೇಲೆ ‘ಡಿಸ್ಕ್ ಒಳಗೆ ಹೋಯ್ತಾ’ ಅಂತ ನೋಡಲು ಮತ್ತೆ ಸ್ಕ್ಯಾನ್ ಬೇಡ. ಹೊರಗೆ ಚಾಚಿಕೊಂಡ ಡಿಸ್ಕಿನ ತುಂಡನ್ನು ದೇಹವೇ ಎಷ್ಟೋ ಸಲ ತಿಂಗಳುಗಳಲ್ಲಿ ಕರಗಿಸುತ್ತದೆ. ಅದರಲ್ಲೂ ಸಣ್ಣ ಬಲ್ಜಿಗಿಂತ ದೊಡ್ಡ ತುಂಡೇ ಜಾಸ್ತಿ ಕರಗುವುದು.