ಪದ ಪರಿಚಯ: ನಾಯ್ಸ್ ಕ್ಯಾನ್ಸಲಿಂಗ್ ಅಂದರೆ ಸದ್ದಿನಿಂದ ಸದ್ದನ್ನು ಕಳೆಯುವುದು

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್ ಕಡೆ ಹೋಗುವ 500ಡಿ ಬಸ್ಸಿನಲ್ಲಿ ದಿನಾ ಎರಡು ಹೊತ್ತು ಓಡಾಡುವವನು ನಾನು. ಇಂಜಿನ್ ಸದ್ದಿನಿಂದ ತಪ್ಪಿಸಿಕೊಳ್ಳಬೇಕು ಅಂತಲೇ ಕೆಲವು ವರ್ಷದ ಹಿಂದೆ ಎರಡು ಸಾವಿರ ರೂಪಾಯಿಯ ಇಯರ್‌ಬಡ್ಸ್ ತಗೊಂಡೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ‘ನಾಯ್ಸ್ ಕ್ಯಾನ್ಸಲೇಶನ್’ ಅಂತಿತ್ತು. ಪಕ್ಕದಲ್ಲಿ ಸಣ್ಣದಾಗಿ ‘ಇಎನ್‌ಸಿ’ ಅಂತ. ಕಿವಿಗೆ ಹಾಕಿಕೊಂಡರೆ ಇಂಜಿನ್ ಹಾಗೇ ಗುಡುಗುಡು ಅನ್ನುತ್ತಿತ್ತು. ಪೀಸೇ ಸರಿಯಿಲ್ಲ ಅಂದುಕೊಂಡೆ. ಆ ಸಂಜೆ ಬಸ್ಸು ಮಾರತ್ತಹಳ್ಳಿ ಹತ್ತಿರ ನಿಂತುಬಿಟ್ಟಿತ್ತು. ಸುತ್ತಲೂ ಹಾರ್ನು. ಆಗ ತಂಗಿ ಫೋನ್ ಮಾಡಿದಳು. “ಏನಣ್ಣ, ಇವತ್ತು ಇಷ್ಟು ಬೇಗ ಮನೆಗೆ ಬಂದ್ಬಿಟ್ಯಾ?” ಅಂತ ಕೇಳಿದಳು. ನನ್ನ ಕಿವಿಗೆ ರಾಚುತ್ತಿದ್ದ ಗದ್ದಲ ಅವಳಿಗೆ ಒಂಚೂರೂ ಕೇಳುತ್ತಿರಲಿಲ್ಲ.

ಪೀಸ್ ಕೆಟ್ಟಿರಲಿಲ್ಲ. ನಾನು ಪದವನ್ನು ತಪ್ಪಾಗಿ ಓದಿದ್ದೆ. ಇಎನ್‌ಸಿ ಅಂದರೆ ನಮ್ಮ ಮೈಕಿಗೆ ಬೀಳುವ ಸುತ್ತಲಿನ ಗಲಾಟೆಯನ್ನು ಸೋಸಿ, ನಮ್ಮ ದನಿಯನ್ನು ಮಾತ್ರ ಆ ಕಡೆಗೆ ಕಳಿಸುವುದು. ಅದರ ಲಾಭ ಫೋನಿನ ಆ ತುದಿಯಲ್ಲಿರುವವರಿಗೆ. ನಮ್ಮ ಕಿವಿಗೆ ಬೇಕಾದ್ದು ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಶನ್. ಒಂದೇ ಅಕ್ಷರದ ವ್ಯತ್ಯಾಸ, ಕೆಲಸ ಪೂರ್ತಿ ಬೇರೆ. ಅಂಗಡಿಯಲ್ಲಿ ಕೇಳಿದರೂ ಎಷ್ಟೋ ಸಲ ಎರಡಕ್ಕೂ “ಹ್ಞೂಂ ಸಾರ್, ನಾಯ್ಸ್ ಕ್ಯಾನ್ಸಲ್ ಇದೆ” ಅನ್ನುತ್ತಾರೆ. ಡಬ್ಬಿಯನ್ನು ನೀವೇ ಕೈಗೆ ತಗೊಂಡು ಓದಿ.

ಈಗ ಆ ‘ಕ್ಯಾನ್ಸಲ್’ ಅನ್ನುವ ಮಾತಿಗೆ ಬರೋಣ. ಲ್ಯಾಟಿನ್ ಭಾಷೆಯಲ್ಲಿ ಜಾಲರಿ ಎಂಬ ಅರ್ಥದ ಪದದಿಂದ ಬಂದದ್ದು ಇದು. ಬರೆದದ್ದರ ಮೇಲೆ ಜಾಲರಿಯ ಹಾಗೆ ಅಡ್ಡಡ್ಡ ಗೆರೆ ಎಳೆದು ಕಾಟು ಹಾಕುವುದು ಅದರ ಮೂಲ ಅರ್ಥ. ಹೆಡ್‌ಫೋನ್ ವಿಷಯದಲ್ಲಿ ಅದಕ್ಕಿಂತ ಚೆನ್ನಾಗಿ ಕೂರುವ ಮಾತು ನಮ್ಮ ಹಳೇ ಲೆಕ್ಕದ ಪುಸ್ತಕದಲ್ಲಿದೆ: ವಜಾ. ಈಗ ನೌಕರಿಯಿಂದ ವಜಾ, ಅರ್ಜಿ ವಜಾ ಅಂತ ಮಾತ್ರ ಕೇಳುತ್ತೇವೆ. ಲೆಕ್ಕದಲ್ಲಿ ವಜಾ ಅಂದರೆ ಕಳೆಯುವುದು. ಐದು ಜಮಾ, ಐದು ವಜಾ, ಉಳಿದದ್ದು ಸೊನ್ನೆ.

ಹೆಡ್‌ಫೋನ್ ಮಾಡುವುದೂ ಇದೇ ಲೆಕ್ಕ. ಸದ್ದು ಅಂದರೆ ಗಾಳಿಯ ಒತ್ತಡ ಒಮ್ಮೆ ಏರಿ, ಒಮ್ಮೆ ಇಳಿಯುವುದು. ಹೊರಗಿನ ಮೈಕು ಬರುತ್ತಿರುವ ಅಲೆಯನ್ನು ಕೇಳಿಸಿಕೊಳ್ಳುತ್ತದೆ. ಒಳಗಿನ ಎಲೆಕ್ಟ್ರಾನಿಕ್ ಚಿಪ್ಪು ಅದನ್ನು ತಲೆಕೆಳಗು ಮಾಡುತ್ತದೆ. ಏರು ಇದ್ದ ಕಡೆ ಇಳಿತ, ಇಳಿತ ಇದ್ದ ಕಡೆ ಏರು. ಆ ತಲೆಕೆಳಗಾದ ಸದ್ದನ್ನು ಸ್ಪೀಕರ್ ಹೊರಡಿಸುತ್ತದೆ. ಎರಡೂ ಕಿವಿಯ ಹತ್ತಿರ ಸೇರಿದಾಗ ಒಂದನ್ನೊಂದು ತಿಂದುಹಾಕುತ್ತವೆ. ಮುಳ್ಳಿನಿಂದ ಮುಳ್ಳು ತೆಗೆದ ಹಾಗೆ. ಬಾಗಿಲು ಮುಚ್ಚಿದ ಹಾಗೆ ಅಲ್ಲ. ಹತ್ತಿ ತುರುಕಿ, ಮೆತ್ತೆ ಒತ್ತಿ ಸದ್ದು ತಡೆಯುವುದಕ್ಕೆ ಬೇರೆ ಹೆಸರಿದೆ, ಪ್ಯಾಸಿವ್ ಐಸೊಲೇಶನ್ ಅಂತ. ಅದು ಗೋಡೆಯ ಕೆಲಸ, ಇದು ಲೆಕ್ಕದ ಕೆಲಸ.

ಇಷ್ಟು ಗೊತ್ತಾದ ಮೇಲೆ ಒಂದು ಪ್ರಶ್ನೆ ಬರಲೇಬೇಕು. ಇಂಜಿನ್ ಸದ್ದು ಹೋಗುತ್ತದೆ, ಹಾರ್ನು ಯಾಕೆ ಹೋಗಲ್ಲ? ಉತ್ತರ ಅಲೆಯ ಉದ್ದದಲ್ಲಿದೆ. ನಂಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು.

ಆರು ಸಿಲಿಂಡರಿನ ಡೀಸೆಲ್ ಇಂಜಿನ್ ನಿಂತಲ್ಲೇ ನಿಮಿಷಕ್ಕೆ 600 ಸುತ್ತು ಓಡುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 30 ಸಲ ಅದರೊಳಗೆ ಡೀಸೆಲ್ ಉರಿಯುತ್ತದೆ. ಅಂದರೆ 30 ಹರ್ಟ್ಜ್. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಭಾಗಿಸಿ ನೋಡಿದರೆ ಆ ಒಂದು ಅಲೆಯ ಉದ್ದ 11 ಮೀಟರ್ ದಾಟುತ್ತದೆ. ಹೆಚ್ಚುಕಡಿಮೆ ಬಸ್ಸಿನಷ್ಟೇ ಉದ್ದ! ಅದೇ 3000 ಹರ್ಟ್ಜ್‌ನ ಕೀರಲು ಸದ್ದು ತಗೊಳ್ಳಿ. ಅದರ ಅಲೆ 11 ಸೆಂಟಿಮೀಟರ್, ಅರ್ಧ ಗೇಣು. ಹೊರಗಿನ ಮೈಕಿನಿಂದ ಒಳಗೆ ಬರಲು ಸದ್ದಿಗೆ ಇರುವ ದಾರಿ ಒಂದೆರಡು ಸೆಂಟಿಮೀಟರ್ ಅಷ್ಟೇ. ಒಂದು ಸೆಕೆಂಡನ್ನು ಲಕ್ಷ ತುಂಡು ಮಾಡಿದರೆ ಅದರಲ್ಲಿ ಆರು ತುಂಡಿನಷ್ಟು ಹೊತ್ತು. ಅಷ್ಟರೊಳಗೆ ಚಿಪ್ಪು ಲೆಕ್ಕ ಮುಗಿಸಬೇಕು. ಕೊಂಚ ತಡವಾದರೆ ಬಸ್ಸಿನುದ್ದದ ಅಲೆಗೆ ಏನೂ ಆಗಲ್ಲ, ವಜಾ ಸರಿಯಾಗೇ ಬೀಳುತ್ತದೆ. ಅರ್ಧ ಗೇಣಿನ ಅಲೆಗೆ ಅಷ್ಟು ತಡವಾದರೆ ಲೆಕ್ಕ ತಪ್ಪುತ್ತದೆ. ವಜಾ ಬೀಳಬೇಕಾದ ಕಡೆ ಜಮಾ ಬಿದ್ದು ಸದ್ದು ಇನ್ನೂ ಜಾಸ್ತಿ ಆಗಬಹುದು. ಅದಕ್ಕೇ ಎಎನ್‌ಸಿಯ ಕೆಲಸ ಮುಖ್ಯವಾಗಿ ಸುಮಾರು 1000 ಹರ್ಟ್ಜ್‌ಗಿಂತ ಕೆಳಗಿನ ಸದ್ದುಗಳ ಮೇಲೆ. ಮೇಲಿನದ್ದನ್ನು ಕಿವಿಯ ಮೆತ್ತೆಯೇ ತಡೆಯಬೇಕು.

ಹಾಗಾಗಿ ಬಸ್ಸಿನ ಇಂಜಿನ್, ಮೆಟ್ರೋ ಸುರಂಗದ ಗುಂಯ್, ಆಫೀಸಿನ ಎಸಿ, ಮನೆಯ ಫ್ಯಾನು ಇವೆಲ್ಲ ಹೋಗುತ್ತವೆ. ಎದುರು ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಮಷೀನು, ಕುಕ್ಕರ್ ವಿಷಲ್ಲು, ಆಟೋ ಹಾರ್ನು ಬರೀ ಮಂದವಾಗುತ್ತವೆ. ಎಷ್ಟು ದುಬಾರಿಯದ್ದು ತಂದರೂ ಇಷ್ಟೇ.

ಈ ಐಡಿಯಾ ಇತ್ತೀಚಿನದ್ದಲ್ಲ. ಪಾಲ್ ಲುಯೆಗ್ ಎಂಬ ಜರ್ಮನ್ ವಿಜ್ಞಾನಿಗೆ 1936ರಲ್ಲೇ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಆದರೆ ಅಷ್ಟು ಚುರುಕಾದ ಎಲೆಕ್ಟ್ರಾನಿಕ್ಸ್ ಆಗ ಇರಲಿಲ್ಲ. 1978ರಲ್ಲಿ ಅಮರ್ ಬೋಸ್ ಯುರೋಪಿನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಹೋಗುತ್ತಿದ್ದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು, ತಂದೆ ಬಂಗಾಳದವರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಇಂಜಿನ್ ಸದ್ದಿಗೆ ಸಂಗೀತವೇ ಕೇಳಲಿಲ್ಲ. ಅಲ್ಲೇ ಕೂತು ಲೆಕ್ಕ ಹಾಕಲು ಶುರು ಮಾಡಿದರು. ಅವರ ‘ಬೋಸ್’ ಕಂಪನಿಯ ಇಂಥ ಮೊದಲ ಹೆಡ್‌ಸೆಟ್ ಪೈಲಟ್‌ಗಳಿಗೆ ಅಂತ ಮಾರಾಟಕ್ಕೆ ಬಂದದ್ದು 1989ರಲ್ಲಿ. ನಮ್ಮಂಥ ಪ್ರಯಾಣಿಕರ ಕೈಗೆ ‘ಕ್ವೈಯೆಟ್‌ಕಂಫರ್ಟ್’ ಬಂದದ್ದು 2000ದಲ್ಲಿ. ನೋಡಿ, ಅವರನ್ನು ಕಾಡಿದ್ದೂ ಅದೇ ಬಿಡದೆ ಮೊರೆಯುವ ಇಂಜಿನ್ನು.

ಹೋದ ವರ್ಷ ನಾನು 26 ಸಾವಿರ ಕೊಟ್ಟು ಕಿವಿ ಪೂರ್ತಿ ಮುಚ್ಚುವಂಥ ಎಎನ್‌ಸಿ ಹೆಡ್‌ಫೋನ್ ತಗೊಂಡೆ. ಸುಮ್ನೆ ಶೋಕಿಗೆ ಅಲ್ಲ. ಮೊದಲ ದಿನ ಬಸ್ಸಿನಲ್ಲಿ ಹಾಡು ಹಾಕದೆ ಬಟನ್ ಒತ್ತಿದೆ. ಇಂಜಿನ್ ನೆಲದೊಳಗೆ ಇಳಿದುಹೋದ ಹಾಗೆ ಇಳಿಯಿತು. ಆಮೇಲೆ, ಅಲ್ಲಿಯವರೆಗೆ ಕೇಳದೇ ಇದ್ದದ್ದು ಕೇಳತೊಡಗಿತು. ಕಂಡಕ್ಟರ್ ಕೈಯ ಟಿಕೆಟ್ ಮಷೀನಿನ ಕಿರ್ರ್. ಮುಂದಿನ ಸೀಟಿನ ಅಮ್ಮನ ಗಾಜಿನ ಬಳೆ. ಕಿಟಕಿ ಗಾಜಿನ ಪಟಪಟ. ಇಂಜಿನ್ನಿನ ಅಡಿಯಲ್ಲಿ ಹೂತಿದ್ದ ಸಣ್ಣ ಸದ್ದುಗಳೆಲ್ಲ ಎದ್ದು ಬಂದಿದ್ದವು. ‘ಪೂರ್ತಿ ನಿಶ್ಶಬ್ದ’ ಅನ್ನುವ ಜಾಹೀರಾತು ನಂಬಿ ಕೊಂಡವರಿಗೆ ಇಲ್ಲೇ ನಿರಾಸೆ ಆಗುವುದು.

ಮೊದಲು ಹಾಡು ಕೇಳಲು ವಾಲ್ಯೂಮ್ ಪೂರ್ತಿ ಏರಿಸುತ್ತಿದ್ದೆ. ಈಗ ಅರ್ಧ ಸಾಕು. ದುಡ್ಡು ಕೊಟ್ಟದ್ದಕ್ಕೆ ನನ್ನ ಪಾಲಿಗೆ ಇದೇ ದೊಡ್ಡ ಕಾರಣ. 80 ಡೆಸಿಬಲ್‌ನಲ್ಲಾದರೆ ವಾರಕ್ಕೆ 40 ಗಂಟೆ ಕೇಳಬಹುದು, 90ಕ್ಕೆ ಏರಿದರೆ 4 ಗಂಟೆ ಮಾತ್ರ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನನ್ನದು ವಾರಕ್ಕೆ ಹದಿನೈದು ಗಂಟೆ ಬಸ್ಸು. ಕೆಟ್ಟ ಕಿವಿಯನ್ನು ಯಾವ ಅಂಗಡಿಯಲ್ಲೂ ಬದಲಾಯಿಸಿಕೊಡಲ್ಲ ಅಲ್ವಾ?

ಹೆಚ್ಚಿನ ಬೆಲೆಗೆ ಸಿಗುವುದು ಏನು? ಮುಖ್ಯವಾಗಿ ಜಾಸ್ತಿ ಮೈಕು, ಚುರುಕಾದ ಚಿಪ್ಪು, ಒಳ್ಳೆ ಮೆತ್ತೆ. ಹೊರಗೊಂದು ಮೈಕು, ಒಳಗೊಂದು ಮೈಕು ಎರಡೂ ಇದ್ದರೆ ಅದನ್ನು ಹೈಬ್ರಿಡ್ ಅನ್ನುತ್ತಾರೆ. ಒಳಗಿನದ್ದು ವಜಾ ಆದಮೇಲೆ ಏನು ಉಳಿದಿದೆ ಅಂತ ನೋಡಿ ತಿದ್ದುತ್ತದೆ. 2022ರಲ್ಲಿ ಬಂದ ಸೋನಿ ಎಕ್ಸ್‌ಎಂ5ರಲ್ಲಿ ಎಂಟು ಮೈಕುಗಳಿವೆ.

ಕೊಳ್ಳುವ ಮುಂಚೆ ಹತ್ತು ನಿಮಿಷ ಹಾಕಿಕೊಂಡು ನೋಡಿ. ಹಾಕಿಕೊಂಡಾಗ ಕೆಲವರಿಗೆ, ಚಾರ್ಮಾಡಿ ಘಾಟಿ ಇಳಿಯುವಾಗ ಆಗುತ್ತದಲ್ಲ ಹಾಗೆ, ಕಿವಿ ಕಟ್ಟಿದಂತಾಗುತ್ತದೆ. ಗಾಳಿಯ ಒತ್ತಡವೇನೂ ಬದಲಾಗಿರಲ್ಲ, ಕೆಳಸ್ತರದ ಸದ್ದು ತಟ್ಟನೆ ಮಾಯವಾದದ್ದಕ್ಕೆ ಮಿದುಳು ಹಾಗೆ ತಿಳಿಯುತ್ತದೆ ಅನ್ನುತ್ತಾರೆ. ಸದ್ದಿಲ್ಲದ ಎಸಿ ಶೋರೂಮಿನಲ್ಲಿ ಹಾಕಿ ನೋಡಿದರೆ ಉಳಿದದ್ದೇನೂ ಗೊತ್ತಾಗಲ್ಲ. ಇರುವ ಗೆಳೆಯರ ಹತ್ತಿರ ಕೇಳಿ ಒಂದು ದಿನ ಮೆಟ್ರೋದಲ್ಲಿ ಹಾಕಿಕೊಂಡು ಹೋಗಿ. ರಸ್ತೆ ದಾಟುವಾಗ ಮಾತ್ರ ಕಿವಿಯಿಂದ ತೆಗೆದುಬಿಡಿ. ಎಲೆಕ್ಟ್ರಿಕ್ ಸ್ಕೂಟರು ಮೊದಲೇ ಸದ್ದು ಮಾಡಲ್ಲ.

ಇನ್ನೊಂದು ಸಣ್ಣ ವಿಷಯ. ಕನ್ನಡಕದ ಕಡ್ಡಿ ಅಥವಾ ದಪ್ಪ ಓಲೆ ಮೆತ್ತೆಯನ್ನು ಸ್ವಲ್ಪ ಎತ್ತಿದರೂ ಸಂದಿಯಿಂದ ಸದ್ದು ನುಗ್ಗುತ್ತದೆ. ಬೆವರಿಗೆ ಮೆತ್ತೆಯ ಹೊದಿಕೆ ಸಿಪ್ಪೆ ಎದ್ದರೂ ಅಷ್ಟೇ. ಮೊದಲಿನ ಹಾಗೆ ಸದ್ದು ತಡೀತಿಲ್ಲ ಅನ್ನಿಸಿದರೆ ಹೊಸ ಹೆಡ್‌ಫೋನ್ ಹುಡುಕಬೇಡಿ, ಆ ಮೆತ್ತೆ ಒಂದನ್ನೇ ಬದಲಾಯಿಸಿ ನೋಡಿ.