ವಿಳಂಬದ ಲೆಕ್ಕ: ಮಳೆಗಾಲ ಯಾರ ಖಾತೆಗೆ?

ಗುತ್ತಿಗೆ ವ್ಯಾಜ್ಯವನ್ನು ಕೋರ್ಟಿನ ಹೊರಗೆ ತೀರಿಸುವ ಮಧ್ಯಸ್ಥಿಕೆ ಪೀಠದ ಮುಂದೆ ನಷ್ಟದ ಲೆಕ್ಕ ಕೊಡುವ ಅರ್ಥತಜ್ಞ ಎರಡು ಕಥೆ ಬರೆಯಬೇಕು: ನಡೆದದ್ದು ಒಂದು, ತಪ್ಪು ಆಗದಿದ್ದರೆ ನಡೆಯುತ್ತಿದ್ದದ್ದು ಇನ್ನೊಂದು. ಅಂತರವೇ ನಷ್ಟ. ಕಲಂಗಳು ಎರಡೇ ಸಾಕು: ಕರಾರು ಮುರಿದವರು ಕೊಡಬೇಕಾದ ಪರಿಹಾರಕ್ಕೆ 1872ರ ಕರಾರು ಕಾಯ್ದೆಯ 73, ತಜ್ಞರ ಅಭಿಪ್ರಾಯಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 39 (ಹಳೆಯ ಕಾಯ್ದೆಯಲ್ಲಿ 45).

ತಲೆ ತಿನ್ನುವುದು ಮಳೆ. ಅಂಕೋಲಾ ಕಡೆ ಒಂದು ರಸ್ತೆ ಕೆಲಸ ಇದೆ ಅನ್ನಿ. ಅಂಕಿಗಳು ನಾನೇ ಹಾಕಿಕೊಂಡವು. ಗುತ್ತಿಗೆ 100 ಕೋಟಿ. ಅಕ್ಟೋಬರ್ 1ಕ್ಕೆ ಶುರು, 20 ತಿಂಗಳಿಗೆ, ಅಂದರೆ ಮರುವರ್ಷ ಕಳೆದು ಅದರ ಮುಂದಿನ ವರ್ಷದ ಮೇ 31ಕ್ಕೆ ಮುಗಿಯಬೇಕು. ನಡುವೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸ ಬಂದ್. ಉಳಿಯುವುದು 16 ತಿಂಗಳು. ಕೆಲಸ ಕೊಟ್ಟವರು ಗುತ್ತಿಗೆದಾರನಿಗೆ ಜಾಗವನ್ನು ಎರಡು ತಿಂಗಳು ತಡವಾಗಿ ಬಿಟ್ಟುಕೊಟ್ಟರು. ಡಿಸೆಂಬರ್‌ನಲ್ಲಿ ಶುರುವಾದರೆ ಕೊನೆಯ ಮೇ ಹೊತ್ತಿಗೆ 14 ತಿಂಗಳ ಕೆಲಸವಷ್ಟೇ ಆಗಿರುತ್ತದೆ. ಮಿಕ್ಕ ಎರಡು ತಿಂಗಳಿಗೆ ಅಕ್ಟೋಬರ್‌ವರೆಗೆ ಕಾಯಬೇಕು. ಮುಗಿಯುವುದು ನವೆಂಬರ್ 30ಕ್ಕೆ.

ತಡ ಎರಡು ತಿಂಗಳೋ, ಆರೋ? ಕೆಲಸ ಕೊಟ್ಟ ಪಕ್ಷ ‘ಮಳೆ ನಮ್ಮ ತಪ್ಪಲ್ಲ’ ಅನ್ನುತ್ತದೆ. ನಿಜ, ಆದರೆ ಎರಡೂ ಕಥೆಗಳಲ್ಲಿ ಮಳೆಗಾಲ ಎಣಿಸಿ. ಜಾಗ ಹೊತ್ತಿಗೆ ಸಿಕ್ಕಿದ್ದರೆ ಒಂದೇ ಮಳೆಗಾಲ, ಅದು ಟೆಂಡರ್ ದರದಲ್ಲೇ ಸೇರಿತ್ತು. ನಡೆದದ್ದರಲ್ಲಿ ಎರಡು. ಎರಡನೆಯದು ಬಂದದ್ದು ತಡದಿಂದಲೇ. ಹಾಗಾಗಿ ಆರು.

ಈಗ ಹಡ್ಸನ್ ಸೂತ್ರ, ಅಂದರೆ ಗುತ್ತಿಗೆಯಲ್ಲಿ ಸೇರಿದ ಕಚೇರಿ ಖರ್ಚು, ಲಾಭವನ್ನು ತಿಂಗಳಿಗೆ ಹಂಚಿ ತಡದ ತಿಂಗಳುಗಳಿಂದ ಗುಣಿಸುವ ಲೆಕ್ಕ: ಕಚೇರಿ ಖರ್ಚು ಮತ್ತು ಲಾಭ ಸೇರಿ 10% ಆದರೆ 10 ಕೋಟಿ, ತಿಂಗಳಿಗೆ 50 ಲಕ್ಷ, ಆರಕ್ಕೆ 3 ಕೋಟಿ. ಬಲು ಸಲೀಸು, ಅದಕ್ಕೇ ಅನುಮಾನ. ಸುಪ್ರೀಂ ಕೋರ್ಟಿನ 2006ರ ಮೆಕ್‌ಡರ್ಮಟ್ ತೀರ್ಪು ಸೂತ್ರದ ಆಯ್ಕೆಯನ್ನು ಮಧ್ಯಸ್ಥಗಾರರಿಗೇ ಬಿಟ್ಟಿತು. 2023ರ ಯೂನಿಬ್ರೋಸ್ ತೀರ್ಪಿನಲ್ಲಿ ಕೈತಪ್ಪಿದ ಲಾಭ ಕೇಳಲು ಸೂತ್ರವೊಂದೇ ಸಾಲದು, ಪುರಾವೆ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ನಾಲ್ಕು ತಿಂಗಳು ಜೆಸಿಬಿ, ಟಿಪ್ಪರ್‌ಗಳು ಘಟ್ಟದ ಮೇಲೆ ಬೇರೆ ಕೆಲಸಕ್ಕೆ ಹೋಗಿದ್ದರೆ 3 ಕೋಟಿ ಕರಗುತ್ತದೆ. ಲಾಗ್ ಬುಕ್ ಕೇಳಿ.

ವಿದ್ಯುತ್ ವ್ಯಾಜ್ಯದಲ್ಲಿ ಇದೇ ಮಳೆ ತಿರುವುಮುರುವು. ಹರಿಯುವ ನೀರಿನ ಸಣ್ಣ ಘಟಕ ಜುಲೈಯಲ್ಲಿ ನಿಂತರೆ ಆ ನೀರು ಹೋದಂತೆಯೇ. ಸೂಪಾದಂಥ ದೊಡ್ಡ ಜಲಾಶಯದ ಕೆಳಗಾದರೆ ಇಂದು ಬಿಡದ ನೀರು ನಾಳೆಗೆ ಉಳಿಯುತ್ತದೆ. ಅಣೆಕಟ್ಟು ತುಂಬಿ ಗೇಟ್ ತೆರೆದಿದ್ದರೆ ಮಾತ್ರ ಯೂನಿಟ್ ನಷ್ಟ ಎಣಿಸಬಹುದು.