ದಿವಾಳಿ ಅರ್ಜಿ ಹಾಕಿದ ಮೇಲೆ ಆ ಕೇಸ್ ಯಾರದ್ದು?

ನ್ಯೂಜೆರ್ಸಿಯಲ್ಲಿರುವ ನನ್ನ ಆಫೀಸಿಗೆ ಹೋದ ಚಳಿಗಾಲದಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಮನೆಯವರ ಕೆಲಸ ಹೋಗಿ ಎಂಟು ತಿಂಗಳಾಗಿತ್ತು. ಕ್ರೆಡಿಟ್ ಕಾರ್ಡ್ ಸಾಲ ಕೈಮೀರಿತ್ತು. ಸಾಲ ವಸೂಲಿ ಮಾಡುವ ಕಲೆಕ್ಷನ್‌ನವರು ಬೆಳಗ್ಗೆ ಆರೂವರೆಗೇ ಫೋನ್ ಮಾಡುತ್ತಿದ್ದರು. ಒಂದು ದಿನ ನಾದಿನಿಗೇ ಫೋನ್ ಮಾಡಿ, ನಿಮ್ಮ ಅತ್ತಿಗೆ ಇಷ್ಟು ದುಡ್ಡು ಕೊಡಬೇಕು ಅಂತ ಹೇಳಿಬಿಟ್ಟಿದ್ದರು. ಆ ವಿಷಯ ಹೇಳುವಾಗ ಅವರ ದನಿ ನಡುಗಿತು. ಆಮೇಲೆ ಬ್ಯಾಗಿನಿಂದ ಮಗನ ಹಳೇ ಗಣಿತದ ನೋಟ್‌ಬುಕ್ ತೆಗೆದರು. ಅದರ ಹಿಂದಿನ ಹಾಳೆಗಳ ತುಂಬಾ ತಾರೀಖು, ಗಂಟೆ, ಫೋನ್ ನಂಬರ್, ಅವರು ಏನಂದರು ಅನ್ನುವುದು, ಎಲ್ಲಾ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ಆ ನೋಟ್‌ಬುಕ್ ನಂಬಿಕೊಂಡೇ ಇನ್ನೊಬ್ಬ ವಕೀಲರು ಫೆಡರಲ್ ಕೋರ್ಟಿನಲ್ಲಿ ಕಲೆಕ್ಷನ್ ಕಂಪನಿಯ ಮೇಲೆ ದಾವೆ ಹಾಕಿ ನಾಲ್ಕು ತಿಂಗಳಾಗಿತ್ತು.

"ಮೇಡಂ, ಈಗ ದಿವಾಳಿ ಅರ್ಜಿ ಹಾಕಿದ್ರೆ ಆ ಕೇಸ್ ಬಿದ್ದು ಹೋಗುತ್ತಾ?"

ಬಿದ್ದು ಹೋಗಲ್ಲ. ಆದರೆ ಅರ್ಜಿ ಹಾಕಿದ ಗಳಿಗೆಯಿಂದ ಅದು ನಿಮ್ಮೊಬ್ಬರ ಕೇಸ್ ಆಗಿ ಉಳಿಯುವುದಿಲ್ಲ. ತುಂಬಾ ಜನ ಎಡವುವುದು ಇಲ್ಲೇ.

ಮೊದಲು ದಾವೆಯ ವಿಷಯ. ಸಾಲ ವಸೂಲಿಯವರ ಕಾಟ ತಡೆಯುವ ಫೆಡರಲ್ ಕಾನೂನು ಅಮೆರಿಕದಲ್ಲಿ 1977ರಿಂದ ಇದೆ. ಬೆಳಗ್ಗೆ 8ಕ್ಕೆ ಮುಂಚೆ, ರಾತ್ರಿ 9ರ ಮೇಲೆ ಫೋನ್ ಮಾಡುವ ಹಾಗಿಲ್ಲ. ನಿಮ್ಮ ಸಾಲದ ಸುದ್ದಿಯನ್ನು ನೆಂಟರಿಗೆ ಹೇಳುವ ಹಾಗಿಲ್ಲ. ಹಾಗೆ ಮಾಡಿದರೆ ಒಂದು ವರ್ಷದೊಳಗೆ ದಾವೆ ಹಾಕಬಹುದು. ನಿಜವಾಗಿ ಆದ ನಷ್ಟ, ಅದರ ಮೇಲೆ 1,000 ಡಾಲರ್‌ವರೆಗೆ ಪರಿಹಾರ, ಜೊತೆಗೆ ವಕೀಲರ ಫೀಸು ಸಿಗುತ್ತದೆ.

ದಿವಾಳಿ ಅರ್ಜಿ ಹಾಕಿದ ಕೂಡಲೇ ಎಲ್ಲಾ ಕೇಸ್‌ಗಳೂ ನಿಂತುಬಿಡುತ್ತವೆ ಅಂತ ಜನ ತಿಳಿದಿರುತ್ತಾರೆ. ಆ ತಡೆ ಇರುವುದು ನಿಮ್ಮ ಮೇಲೆ ಬರುವವರಿಗೆ. ನೀವು ಬೇರೆಯವರ ಮೇಲೆ ಹಾಕಿದ ದಾವೆಯನ್ನು ಅದು ನಿಲ್ಲಿಸುವುದಿಲ್ಲ. ಅದೇ ಕೇಸಿನಲ್ಲಿ ಕಲೆಕ್ಷನ್ ಕಂಪನಿ, ನಮಗೆ ಬರಬೇಕಾದ ಸಾಲ ಕೊಡಿಸಿ ಅಂತ ಪ್ರತಿದಾವೆ ಹಾಕಿದ್ದರೆ ಅದು ಮಾತ್ರ ನಿಲ್ಲುತ್ತದೆ.

ಈಗ ಮುಖ್ಯ ವಿಷಯ. ದಿವಾಳಿ ಕಾನೂನಿನ ಸೆಕ್ಷನ್ 541ರ ಪ್ರಕಾರ ಮನೆ, ಕಾರು, ಬ್ಯಾಂಕಿನ ದುಡ್ಡಿನ ಹಾಗೆ ದಾವೆ ಹೂಡುವ ಹಕ್ಕೂ ಒಂದು ಆಸ್ತಿ. ಚಾಪ್ಟರ್ 7 (ಮಾರಬಹುದಾದ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವ ಥರದ ದಿವಾಳಿ) ಹಾಕಿದರೆ ಆ ಆಸ್ತಿ ಟ್ರಸ್ಟಿಯ, ಅಂದರೆ ದಿವಾಳಿ ಆಸ್ತಿ ನೋಡಿಕೊಳ್ಳಲು ನೇಮಕವಾದವರ ಕೈಗೆ ಹೋಗುತ್ತದೆ. ಕೇಸ್ ನಡೆಸಬೇಕಾ, ರಾಜಿ ಮಾಡಿಕೊಳ್ಳಬೇಕಾ, ಕೈಬಿಡಬೇಕಾ ಅಂತ ಯೋಚಿಸುವವರು ಅವರು. ನಿಮ್ಮ ಹಳೇ ವಕೀಲರನ್ನೇ ಕೋರ್ಟಿನ ಒಪ್ಪಿಗೆ ಪಡೆದು ಅವರು ಮುಂದುವರಿಸಬಹುದು. ಕೆಲವು ಸಲ, ದಾವೆ ಯಾರ ಮೇಲಿದೆಯೋ ಆ ಕಲೆಕ್ಷನ್ ಕಂಪನಿಯೇ ಟ್ರಸ್ಟಿಯ ಹತ್ತಿರ ಹೋಗಿ ಇಂತಿಷ್ಟು ದುಡ್ಡು ಕೊಡುತ್ತೇವೆ, ಆ ಹಕ್ಕನ್ನು ನಮಗೇ ಮಾರಿಬಿಡಿ ಅನ್ನುತ್ತದೆ. ಕೋರ್ಟ್ ಒಪ್ಪಿದರೆ ಅಲ್ಲಿಗೆ ಕೇಸ್ ಮುಗಿಯಿತು. ತಿಂಗಳುಗಟ್ಟಲೆ ನಿದ್ದೆಗೆಟ್ಟು ಲೆಕ್ಕ ಬರೆದಿಟ್ಟವರಿಗೆ ಇದನ್ನು ಕೇಳಿದರೆ ಹೊಟ್ಟೆ ಉರಿಯುತ್ತದೆ, ನನಗೂ ಉರಿಯುತ್ತದೆ. ಆದರೆ ಟ್ರಸ್ಟಿ ಕೆಲಸ ಮಾಡುವುದು ಸಾಲ ಕೊಟ್ಟವರಿಗೆ ದುಡ್ಡು ಕೂಡಿಸಲಿಕ್ಕೆ. ಅದನ್ನು ಮೊದಲೇ ತಿಳಿದಿರಬೇಕು.

ಚಾಪ್ಟರ್ 13, ಅಂದರೆ ಕಂತಿನಲ್ಲಿ ಸಾಲ ತೀರಿಸುವ ದಿವಾಳಿ, ಬೇರೆ ಥರ. ಅಲ್ಲಿ ಸಾಮಾನ್ಯವಾಗಿ ಕೇಸ್ ನಿಮ್ಮ ಕೈಯಲ್ಲೇ ಇರುತ್ತದೆ, ರಾಜಿಗೆ ಮಾತ್ರ ಕೋರ್ಟಿನ ಒಪ್ಪಿಗೆ ಬೇಕಾಗುತ್ತದೆ, ಬಂದ ದುಡ್ಡು ಸಾಲ ತೀರಿಸುವ ಪ್ಲಾನಿಗೆ ಹೋಗಬಹುದು.

ಯಾವುದೇ ಚಾಪ್ಟರ್ ಆಗಲಿ, ಕೇಸನ್ನು ಮುಚ್ಚಿಡಬೇಡಿ. ಆಸ್ತಿ ಪಟ್ಟಿಯ ಫಾರಂನಲ್ಲಿ, ಅಂದರೆ ಶೆಡ್ಯೂಲ್ ಎ/ಬಿಯಲ್ಲಿ, 33ನೇ ಸಾಲು ಇರುವುದೇ ಇದಕ್ಕೆ. ದಾವೆ ಹಾಕಿರಲಿ, ಹಾಕದೇ ಇರಲಿ, ಯಾರ ಮೇಲಾದರೂ ನಿಮಗೆ ಹಕ್ಕಿದ್ದರೆ ಬರೆಯಿರಿ ಅನ್ನುತ್ತದೆ ಅದು. ಪಕ್ಕದಲ್ಲಿ ಎರಡು ಪುಟ್ಟ ಚೌಕ, ಇಲ್ಲ ಮತ್ತು ಹೌದು. ರಾತ್ರಿ ಹನ್ನೊಂದಕ್ಕೆ ಸುಸ್ತಾಗಿ ಫಾರಂ ತುಂಬುವವರು ಸುಮ್ನೆ 'ಇಲ್ಲ' ಅಂತ ಗೀಟು ಹಾಕಿ ಮುಂದಕ್ಕೆ ಹೋಗುತ್ತಾರೆ. ಅಷ್ಟು ಸಾಕು. ಕಲೆಕ್ಷನ್ ಕಂಪನಿಯ ವಕೀಲರು ನಿಮ್ಮ ಹೆಸರಲ್ಲಿ ದಿವಾಳಿ ಅರ್ಜಿ ಇದೆಯಾ ಅಂತ ಕೋರ್ಟಿನ ದಾಖಲೆಯಲ್ಲಿ ಹುಡುಕುತ್ತಾರೆ. ಅಲ್ಲಿ ಪ್ರಮಾಣ ಮಾಡಿ ಕೇಸ್ ಇಲ್ಲ ಅಂದವರು ಇಲ್ಲಿ ಪರಿಹಾರ ಹೇಗೆ ಕೇಳುತ್ತಾರೆ ಅಂತ ಜಡ್ಜ್ ಮುಂದೆ ಇಡುತ್ತಾರೆ. ಎಷ್ಟೋ ಒಳ್ಳೇ ಕೇಸ್‌ಗಳು ಹೀಗೆ ಹೋಗಿವೆ. 2017ರಲ್ಲಿ ಹನ್ನೊಂದನೇ ಸರ್ಕ್ಯೂಟಿನ ಫೆಡರಲ್ ಮೇಲ್ಮನವಿ ಕೋರ್ಟು, ಬರೆಯಲಿಲ್ಲ ಅನ್ನುವುದೊಂದನ್ನೇ ನೋಡಬೇಡಿ, ಮೋಸ ಮಾಡುವ ಉದ್ದೇಶ ಇತ್ತಾ ಅಂತಲೂ ನೋಡಿ ಅಂದಿತು. ಅದೊಂದು ಸಮಾಧಾನ, ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ. ಇನ್ನೊಂದು ಮಾತು: ಪಟ್ಟಿಯಲ್ಲಿ ಬರೆದಿದ್ದನ್ನು ಟ್ರಸ್ಟಿ ಮುಟ್ಟದೇ ಬಿಟ್ಟರೆ, ಫೈಲ್ ಮುಚ್ಚಿದಾಗ ಅದು ನಿಮಗೇ ವಾಪಸ್ ಬರುತ್ತದೆ. ಬರೆಯದೇ ಬಿಟ್ಟದ್ದು ವಾಪಸ್ ಬರುವುದಿಲ್ಲ. ವರ್ಷಗಳಾದ ಮೇಲೂ ಅದು ಟ್ರಸ್ಟಿಯದ್ದೇ. ಮರೆತಿದ್ದರೆ ಎದುರು ಪಕ್ಷ ಕಂಡುಹಿಡಿಯುವ ಮುಂಚೆ ತಿದ್ದುಪಡಿ ಹಾಕಿ.

ಬರೆದ ಮೇಲೆ ಉಳಿಸಿಕೊಳ್ಳುವ ದಾರಿಯೂ ಇದೆ, ವಿನಾಯಿತಿ, ಅಂದರೆ ಟ್ರಸ್ಟಿ ಮುಟ್ಟದ ಹಾಗೆ ಕಾನೂನು ನಿಮಗೇ ಬಿಡುವ ಪಾಲು. 1992ರ ಟೇಲರ್ ಕೇಸಿನಲ್ಲಿ ಒಬ್ಬಾಕೆ ತಾನು ಕೆಲಸ ಮಾಡಿದ್ದ ಕಂಪನಿಯ ಮೇಲಿನ ದಾವೆಯನ್ನು ವಿನಾಯಿತಿ ಪಟ್ಟಿಗೆ ಸೇರಿಸಿ, ಬೆಲೆ 'ಗೊತ್ತಿಲ್ಲ' ಅಂತ ಬರೆದಿದ್ದರು. ಟ್ರಸ್ಟಿ 30 ದಿನದೊಳಗೆ ತಕರಾರು ಮಾಡಲಿಲ್ಲ. ಆಮೇಲೆ ಕೇಸ್ 1,10,000 ಡಾಲರಿಗೆ ರಾಜಿಯಾಯಿತು. ಗಡುವು ಮುಗಿದ ಮೇಲೆ ಟ್ರಸ್ಟಿ ತಕರಾರು ಮಾಡುವ ಹಾಗಿಲ್ಲ ಅಂದಿತು ಸುಪ್ರೀಂ ಕೋರ್ಟ್. 2010ರ ಇನ್ನೊಂದು ತೀರ್ಪಿನ ನಂತರ ಅದು ಅಷ್ಟು ಸುಲಭವಲ್ಲ. ವಿನಾಯಿತಿಗೆ ಎಷ್ಟು ಡಾಲರ್ ಬರೆದಿದ್ದೀರೋ ಅಷ್ಟು ಮಾತ್ರ ನಿಮ್ಮದು, ಮೇಲೆ ಬಂದದ್ದು ಟ್ರಸ್ಟಿಗೆ ಅನ್ನುವ ವಾದ ಬರುತ್ತದೆ. ಹಾಗಾಗಿ ಅಂಕಿ ಬರೆಯುವಾಗ ನಿಮ್ಮ ಇಬ್ಬರು ವಕೀಲರೂ ಒಮ್ಮೆ ಮಾತಾಡಿಕೊಳ್ಳಲಿ.

ನ್ಯೂಜೆರ್ಸಿಯಲ್ಲಿ ಫೆಡರಲ್ ವಿನಾಯಿತಿ ಪಟ್ಟಿ ಆರಿಸಿಕೊಳ್ಳಬಹುದು. ಯಾವ ಆಸ್ತಿಗಾದರೂ ಬಳಸುವ ವಿನಾಯಿತಿ ಅದರಲ್ಲಿ 1,675 ಡಾಲರ್ ಇದೆ. ಸ್ವಂತ ಮನೆಗೆ ಬಳಸದ ವಿನಾಯಿತಿಯಿಂದ ಇನ್ನೂ 15,800ವರೆಗೆ ಸೇರಿಸಬಹುದು. ನನ್ನ ಕಕ್ಷಿದಾರರಿಗೆ ಸ್ವಂತ ಮನೆ ಇರಲಿಲ್ಲ, ಬಾಡಿಗೆ ಮನೆ. ಹಾಗಾಗಿ ದಾವೆ ಪೂರ್ತಿ ಅದರೊಳಗೆ ಹಿಡಿಸಿತು.

ಟ್ರಸ್ಟಿಯ ಜೊತೆಗಿನ ಮೀಟಿಂಗ್ ಝೂಮ್‌ನಲ್ಲಿ ನಡೆಯಿತು. ಯಾರ ಮೇಲಾದರೂ ಕೇಸ್ ಇದೆಯಾ ಅಂತ ಕೇಳಿದಾಗ ಅವರು ಇದೆ ಅಂದು, ನೋಟ್‌ಬುಕ್ಕನ್ನು ಕ್ಯಾಮೆರಾ ಮುಂದೆ ಹಿಡಿದರು. ಟ್ರಸ್ಟಿ ಪುಟ ತಿರುಗಿಸಲು ಹೇಳಿ ನೋಡಿದರು. ತಕರಾರು ಬರಲಿಲ್ಲ.

ಆ ನೋಟ್‌ಬುಕ್ಕಿನಲ್ಲಿ ನಾನು ಒಂದೇ ಒಂದು ಗೆರೆ ಎಳೆಸಿದ್ದೆ, ಅರ್ಜಿ ಹಾಕಿದ ದಿನದ ಕೆಳಗೆ. ಅಲ್ಲಿವರೆಗಿನ ಫೋನುಗಳ ಹಕ್ಕು ಮೊದಲು ಟ್ರಸ್ಟಿಯ ಕೈಗೆ ಹೋಗುವಂಥದ್ದು. ಚಾಪ್ಟರ್ 7ರಲ್ಲಿ ಆಮೇಲೆ ಬಂದ ಫೋನುಗಳ ಲೆಕ್ಕ ಬೇರೆ. ಅವು ದಿವಾಳಿ ಕೋರ್ಟಿನ ತಡೆಯನ್ನೇ ಮುರಿದಂತೆ, ಆ ಹಕ್ಕು ಪೂರ್ತಿ ಅವರದ್ದೇ. ಗೆರೆಯ ಕೆಳಗೆ ಎರಡು ಕಾಲ್ ಬರೆದಿದ್ದಾರೆ. ಎರಡಕ್ಕೂ ನೋಟಿಸ್ ಕಳಿಸಿದ್ದೇವೆ.